ಕೇಳಿ–ಹೇಳಿ: ತೊಂಬತ್ತರ ದಶಕದ ಆಲ್ಬಂಗಳು

ತೊಂಬತ್ತರ ದಶಕದ ಮೆಚ್ಚಿನ ಆಲ್ಬಂಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದಕ್ಕೆ ಬಂದ ಪತ್ರಗಳಲ್ಲಿ ಬಹಳಷ್ಟು ‘ಯಾವುದು ಶ್ರೇಷ್ಠ’ ಎಂಬ ಜಗಳದವು. ಆ ಜಗಳ ಮುಗಿಯುವಂಥದ್ದಲ್ಲ. ಉತ್ತರ ಹೇಳಬಹುದಾದ ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ನಾನು ರಾಕ್ ಮಾತ್ರ ಕೇಳಿದವನು. ಬೇರೆ ಪ್ರಕಾರಗಳನ್ನೂ ಕೇಳೋಣ ಎಂದು ಹುಡುಕಿದರೆ ನೂರು ಆಲ್ಬಂಗಳ ಪಟ್ಟಿ ಸಿಗುತ್ತದೆ, ನಾಲ್ಕನೆಯದಕ್ಕೇ ಸಾಕಾಗುತ್ತದೆ. ಎಲ್ಲಿಂದ ಶುರು ಮಾಡಲಿ?
*— ವಿದ್ಯಾರ್ಥಿ, ಮೈಸೂರು*

ಪಟ್ಟಿ ಬಿಡಿ, ಪ್ರಕಾರದ ಹೆಸರನ್ನೂ ಬಿಡಿ. ಆಲ್ಬಂನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ: ನಿರ್ಮಾಪಕ ಯಾರು, ಗಿಟಾರ್ ಯಾರದು, ರೀಮಿಕ್ಸ್ ಯಾರದು. ಆ ಹೆಸರುಗಳ ಬೆನ್ನು ಹತ್ತಿದರೆ ಒಂದು ಆಲ್ಬಂ ಇನ್ನೊಂದಕ್ಕೆ ತಾನೇ ಕರೆದೊಯ್ಯುತ್ತದೆ.

ರಾಕ್ ಕೇಳಿದವರಿಗೆ ಸುಲಭದ ದಾರಿ ಗಿಟಾರ್ ವಾದಕ ರೈ ಕೂಡರ್. ಅಮೆರಿಕದ ಸಾಂಟಾ ಬಾರ್ಬರಾದ ಒಂದು ಚಾಪೆಲ್‌ನಲ್ಲಿ ವಿಶ್ವಮೋಹನ ಭಟ್ಟರ ಮೋಹನವೀಣೆಯ (ಮಡಿಲಲ್ಲಿಟ್ಟು ನುಡಿಸುವ, ಮಾರ್ಪಡಿಸಿದ ಗಿಟಾರ್) ಜೊತೆ ಕೂತು ನುಡಿಸಿದ ‘ಎ ಮೀಟಿಂಗ್ ಬೈ ದಿ ರಿವರ್’ (1993) ಮೊದಲು ಕೇಳಿ. ನಾಲ್ಕೇ ತುಣುಕು, ಸುಮಾರು 40 ನಿಮಿಷ. ಅದರ ಮುಂದಿನದು ಮಾಲಿ ದೇಶದ ಅಲಿ ಫಾರ್ಕಾ ಟೂರೆ ಜೊತೆಗಿನ ‘ಟಾಕಿಂಗ್ ಟಿಂಬಕ್ಟು’ (1994). ಮೂರನೆಯದು ‘ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್’ (1997). 1996ರಲ್ಲಿ ಕೂಡರ್ ಹವಾನಾಕ್ಕೆ ಹೋದದ್ದು ಮಾಲಿಯ ವಾದಕರನ್ನೂ ಕ್ಯೂಬಾದವರನ್ನೂ ಕೂಡಿಸಿ ನುಡಿಸಲಿಕ್ಕೆ. ಮಾಲಿಯವರು ಬರಲಾಗಲಿಲ್ಲ. ಇದ್ದ ಸ್ಟುಡಿಯೊ, ಇದ್ದ ದಿನಗಳಲ್ಲಿ ಕ್ಯೂಬಾದ ಹಿರಿಯರನ್ನೇ ಸೇರಿಸಿ ಮಾಡಿದ್ದು ಈ ಆಲ್ಬಂ. ಪಿಯಾನೊ ನುಡಿಸಿದ ರುಬೆನ್ ಗೊನ್ಸಾಲೆಸ್‌ಗೆ ಆಗ ಎಪ್ಪತ್ತು ದಾಟಿತ್ತು. ಈ ಮೂರಕ್ಕೂ ಗ್ರ್ಯಾಮಿ ಬಂದಿದೆ. ಆದರೂ ಮೊದಲನೆಯದೇ ನಮಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಯಾರೂ ಯಾರಿಗೂ ದಾರಿ ಬಿಟ್ಟುಕೊಡುವ ಸೌಜನ್ಯ ತೋರಿಸುತ್ತಾ ಕೂತಿಲ್ಲ.

ಎರಡನೆಯ ದಾರಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ. ಮ್ಯಾಸಿವ್ ಅಟ್ಯಾಕ್ ತಂಡದ ‘ಬ್ಲೂ ಲೈನ್ಸ್’ (1991) ಧ್ವನಿಮುದ್ರಣದ ಸಮಯದಲ್ಲಿ ಸ್ಟುಡಿಯೊದ ಟೇಪ್ ಆಪರೇಟರ್ ಆಗಿದ್ದ ಹುಡುಗ ಜೆಫ್ ಬ್ಯಾರೊ. ಅವನೇ ಮುಂದೆ ಪೋರ್ಟಿಸ್‌ಹೆಡ್ ಕಟ್ಟಿ ‘ಡಮ್ಮಿ’ (1994) ಮಾಡಿದ. ಅದೇ ಮ್ಯಾಸಿವ್ ಅಟ್ಯಾಕ್ ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನರ ‘ಮಸ್ತ್ ಮಸ್ತ್’ (1990) ಆಲ್ಬಂನ ಶೀರ್ಷಿಕೆ ಹಾಡಿಗೆ ರೀಮಿಕ್ಸ್ ಮಾಡಿದೆ. ಆ ಆಲ್ಬಂನ ನಿರ್ಮಾಪಕ ಮೈಕೇಲ್ ಬ್ರೂಕ್. ಬ್ರೂಕ್ ಹೆಸರು ಹಿಡಿದು ಹೋದರೆ 1995ರಲ್ಲಿ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಜೊತೆಗಿನ ‘ಡ್ರೀಮ್’ ಸಿಗುತ್ತದೆ. ಬ್ರಿಸ್ಟಲ್‌ನ ಡ್ರಮ್ ತಾಳದಿಂದ ಕರ್ನಾಟಕ ಸಂಗೀತದ ಮ್ಯಾಂಡೊಲಿನ್‌ಗೆ ಬಂದದ್ದು ಮೂರೇ ಹೆಜ್ಜೆಯಲ್ಲಿ. ರಾಕ್ ಕಡೆಯಿಂದಲೂ ನುಸ್ರತ್‌ರ ಬಳಿಗೆ ಬರಬಹುದು. ‘ಗ್ರೇಸ್’ (1994) ಮಾಡಿದ ಜೆಫ್ ಬಕ್ಲಿ ನ್ಯೂಯಾರ್ಕಿನ ಸಣ್ಣ ಕೆಫೆಯಲ್ಲಿ ನುಸ್ರತ್‌ರ ಕವ್ವಾಲಿಯನ್ನು ಹಾಡಿದ್ದಾನೆ, ಅದರ ಧ್ವನಿಮುದ್ರಣ 2003ರಲ್ಲಿ ಬಂತು.

ಕೇಳುವ ಮುನ್ನ ಆ್ಯಪ್‌ನಲ್ಲಿ ಮೂರು ಬದಲಾವಣೆ ಮಾಡಿಕೊಳ್ಳಿ. ಷಫಲ್ ತೆಗೆಯಿರಿ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಬೀಳುತ್ತದೆ. ಗ್ಯಾಪ್‌ಲೆಸ್ ಇದ್ದರೆ ಹಾಕಿ. ಒಂದು ಹಾಡು ಇನ್ನೊಂದಕ್ಕೆ ಅಂಟಿಕೊಂಡೇ ಹರಿಯುವ ಆಲ್ಬಂಗಳಲ್ಲಿ ನಡುವೆ ಅರ್ಧ ಸೆಕೆಂಡ್ ಮೌನ ಬಿದ್ದರೂ ಕೆಲಸ ಕೆಡುತ್ತದೆ.

‘ಡಮ್ಮಿ’ ಸಿ.ಡಿ.ಯಲ್ಲಿ ಹಳೇ ಗ್ರಾಮಾಫೋನ್ ತಟ್ಟೆಯ ಚಟಪಟ ಸದ್ದಿದೆ. ಮೈ ಬ್ಲಡಿ ವ್ಯಾಲೆಂಟೈನ್‌ನ ‘ಲವ್‌ಲೆಸ್’ ಕ್ಯಾಸೆಟ್ ಹಾಕಿದರೆ ಸ್ವರ ಏರಿಳಿದು ತೂರಾಡುತ್ತದೆ. ಎರಡೂ ಸೆಕೆಂಡ್‌ ಹ್ಯಾಂಡ್ ಕೊಂಡದ್ದು. ಮೋಸ ಹೋದೆನೇ?
*— ಓದುಗರು, ಹುಬ್ಬಳ್ಳಿ*

ಸಿ.ಡಿ. ಸರಿಯಾಗಿಯೇ ಇದೆ. ಪೋರ್ಟಿಸ್‌ಹೆಡ್‌ನವರು ತಾವೇ ನುಡಿಸಿದ ತುಣುಕುಗಳನ್ನು ವಿನೈಲ್ ತಟ್ಟೆಗೆ ಇಳಿಸಿ, ಆ ತಟ್ಟೆಯನ್ನು ಬೇಕೆಂದೇ ಉಜ್ಜಿ ಸವೆಸಿ, ಅದರಿಂದ ಮತ್ತೆ ಸ್ಯಾಂಪಲ್, ಅಂದರೆ ಹಾಡಿಗೆ ಬೇಕಾದ ಧ್ವನಿ ತುಣುಕು, ಎತ್ತಿದರು. ಚಟಪಟ ಆ ಹಾಡುಗಳ ಒಂದು ವಾದ್ಯ. ಇದನ್ನು ಸಾಫ್ಟ್‌ವೇರ್ ಹಾಕಿ ‘ಶುದ್ಧ’ ಮಾಡಿದವರೂ ಇದ್ದಾರೆ, ದೇವರು ಅವರನ್ನು ಕ್ಷಮಿಸಲಿ.

‘ಲವ್‌ಲೆಸ್’ (1991) ವಿಷಯದಲ್ಲಿ ಉತ್ತರ ಅರ್ಧ ಹೌದು, ಅರ್ಧ ಇಲ್ಲ. ತಂಡದ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು (ತಂತಿಗಳ ಬಿಗಿ ಬದಲಿಸುವ ಸನ್ನೆ) ಕೈಯಲ್ಲೇ ಹಿಡಿದು ತಂತಿ ಮೀಟುತ್ತಾನೆ. ಅದಕ್ಕೇ ಸ್ವರಗಳು ಬಾಗುತ್ತವೆ. ಆದರೆ ನಿಮ್ಮ ಡೆಕ್ಕೂ (ಕ್ಯಾಸೆಟ್ ಪ್ಲೇಯರ್) ತೂರಾಡುತ್ತಿರಬಹುದು, ಈ ಆಲ್ಬಂ ಹಾಕಿ ಅದನ್ನು ಪತ್ತೆ ಮಾಡಲಾಗದು. ಪರೀಕ್ಷೆಗೆ ಪಿಯಾನೊ ಇರುವ ಕ್ಯಾಸೆಟ್ ಹಾಕಿ. ಪಿಯಾನೊ ಸ್ವರವನ್ನು ಹೊಡೆದ ಮೇಲೆ ಬಾಗಿಸಲು ಬರುವುದಿಲ್ಲ, ಹಾಗಾಗಿ ಉದ್ದಕ್ಕೆ ಬಿಟ್ಟ ಸ್ವರ ಅಲುಗಿದರೆ ತಪ್ಪು ಯಂತ್ರದ್ದು. ಅಲುಗುವ ವೇಗ ಎಣಿಸಿ. ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್‌ನ ಸುತ್ತಳತೆ ಸುಮಾರು 4 ಸೆಂ.ಮೀ. ಅಂದರೆ ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ ಅಲುಗಿದರೆ ರೋಲರ್ ಗಟ್ಟಿಯಾಗಿದೆ ಅಥವಾ ತಗ್ಗು ಬಿದ್ದಿದೆ. ಆರೇಳು ಸಲ ನಡುಗಿದರೆ ಅದರ ಪಕ್ಕದ ಉಕ್ಕಿನ ಕಡ್ಡಿಗೆ, ಅಂದರೆ ಕ್ಯಾಪ್‌ಸ್ಟನ್‌ಗೆ ಕೊಳೆ ಹತ್ತಿದೆ. ಲೆಕ್ಕವಿಲ್ಲದೆ ನಿಧಾನವಾಗಿ ಜಾರಿ ಏರಿದರೆ ಬೆಲ್ಟ್ ಸಡಿಲ, ಇಲ್ಲವೇ ಕ್ಯಾಸೆಟ್ಟೇ ಬಿಗಿಯಾಗಿ ಸುತ್ತಿಕೊಂಡಿದೆ. ಕೊನೆಯದಕ್ಕೆ ಖರ್ಚಿಲ್ಲದ ಮದ್ದು: ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸುವುದು.

ನಿರ್ವಾಣದ ‘ನೆವರ್‌ಮೈಂಡ್’ ಹಳೇ ಸಿ.ಡಿ. ನನ್ನ ಹತ್ತಿರ ಇದೆ. 2011ರ ರೀಮಾಸ್ಟರ್ ಕೇಳಿದಾಗ ಮೊದಲು ಖುಷಿಯಾಯಿತು, ಮೂರು ಹಾಡಿನ ನಂತರ ಕಿವಿ ದಣಿಯಿತು. ಇದು ನನ್ನ ಭ್ರಮೆಯೇ?
*— ಓದುಗರು, ಬೆಂಗಳೂರು*

ಭ್ರಮೆಯಲ್ಲ. ಡಿಜಿಟಲ್ ಧ್ವನಿಗೆ ದಾಟಲಾಗದ ಒಂದು ಮೇಲ್ಮಿತಿ ಇದೆ. ಡ್ರಮ್ಮಿನ ಏಟು ಆ ಮಿತಿಯನ್ನು ಮುಟ್ಟುತ್ತದೆ, ಉಳಿದದ್ದು ಕೆಳಗಿರುತ್ತದೆ. ಲಿಮಿಟರ್ ಹಾಕಿ ಏಟಿನ ತಲೆ ಸವರಿ ಒಟ್ಟು ಮಟ್ಟ ಏರಿಸಿದರೆ ಹಾಡು ಜೋರಾಗಿ ಕೇಳಿಸುತ್ತದೆ, ಜೋರಾದದ್ದು ಮೊದಲ ನಿಮಿಷದಲ್ಲಿ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಮೆತ್ತಗಿನ ಚರಣಕ್ಕೂ ಅಬ್ಬರದ ಪಲ್ಲವಿಗೂ ನಡುವಿನ ಅಂತರವೇ ಈ ಆಲ್ಬಂನ ಜೀವಾಳ. ಅದು ಕಿರಿದಾದಷ್ಟೂ ಕಿವಿಗೆ ಬಿಡುವಿಲ್ಲ. ತೊಂಬತ್ತರ ದಶಕದಲ್ಲೇ ಈ ಪೈಪೋಟಿ ಶುರುವಾಯಿತು. ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್‌ನ ‘ಕ್ಯಾಲಿಫೋರ್ನಿಕೇಶನ್’ (1999) ಮೂಲ ಸಿ.ಡಿ.ಯಲ್ಲೇ ಧ್ವನಿ ಒಡೆಯುತ್ತದೆ. ಹೀಗಾಗಿ ‘ಹಳೆಯದೆಲ್ಲ ಚಿನ್ನ’ ಎಂದು ಕಣ್ಣು ಮುಚ್ಚಿ ಕೊಳ್ಳಬೇಡಿ. ಅಂದಾಜಿಗೆ, 1995ರವರೆಗಿನ ಆಲ್ಬಂಗಳ ಮೊದಲ ಸಿ.ಡಿ. ಸಾಮಾನ್ಯವಾಗಿ ಉಸಿರಾಡುತ್ತದೆ, ದಶಕದ ಕೊನೆಗೆ ಬಂದಂತೆ ಒಂದೊಂದನ್ನೂ ಕೇಳಿಯೇ ನಿರ್ಧರಿಸಬೇಕು.

ಹೋಲಿಸುವಾಗ ಎರಡರ ಮಟ್ಟವನ್ನೂ ಸರಿಸಮ ಮಾಡಿ. ಒಂದು ಡೆಸಿಬೆಲ್ ವ್ಯತ್ಯಾಸವಿದ್ದರೂ ಜೋರಾದದ್ದೇ ಗೆಲ್ಲುತ್ತದೆ. ಆ್ಯಪ್‌ಗಳಲ್ಲಿರುವ ನಾರ್ಮಲೈಸೇಶನ್ ಈ ಕೆಲಸ ಮಾಡುತ್ತದೆ, ಸ್ಪಾಟಿಫೈನಲ್ಲಿ ಅದರ ಗುರಿ −14 ಎಲ್‌.ಯು.ಎಫ್‌.ಎಸ್. (ಕಿವಿಗೆ ಕೇಳಿಸುವ ಜೋರಿನ ಅಳತೆ). ಕಣ್ಣಿಂದ ನೋಡಬೇಕೆಂದರೆ ಸಿ.ಡಿ.ಯಿಂದ ತೆಗೆದ ಫೈಲನ್ನು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ತಲೆ ಸವರಿದ ಬೇಲಿಯಂತೆ ಮೇಲೆ ಕೆಳಗೆ ಚಪ್ಪಟೆಯಾಗಿ ಕಂಡರೆ ಅದೇ ರೋಗ.

ಒಂದು ಎಚ್ಚರಿಕೆ: ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಮೊದಲನೆಯದು ಮುಗಿದ ಹಾಡಿನ ಒಟ್ಟು ಧ್ವನಿಯನ್ನು ತಿದ್ದುವುದು, ಎರಡನೆಯದು ದನಿ, ವಾದ್ಯಗಳನ್ನು ಬಿಡಿಬಿಡಿಯಾಗಿ ತೆಗೆದು ಮತ್ತೆ ಕೂಡಿಸುವುದು. ಪರ್ಲ್ ಜ್ಯಾಮ್‌ನ ‘ಟೆನ್’ (1991) 2009ರಲ್ಲಿ ಮರಳಿ ಬಂದಾಗ ಮೂಲದ ಜೊತೆಗೆ ಬ್ರೆಂಡನ್ ಓಬ್ರಿಯನ್ ಪೂರ್ತಿ ಹೊಸದಾಗಿ ಮಿಕ್ಸ್ ಮಾಡಿದ ‘ಟೆನ್ ರೀಡಕ್ಸ್’ ಕೂಡ ಇತ್ತು. ಮೂಲದಲ್ಲಿ ದನಿಯ ಸುತ್ತ ದೊಡ್ಡ ಪ್ರತಿಧ್ವನಿ, ಹೊಸದರಲ್ಲಿ ಅದು ಒಣಗಿದೆ. ನಮಗೆ ಹೊಸದೇ ವಾಸಿ ಅನ್ನಿಸುತ್ತದೆ. ಹಳೆಯ ಅಭಿಮಾನಿಗಳು ಒಪ್ಪಲಾರರು.

ಮನೆಯಲ್ಲಿ ಎರಡು ಪೆಟ್ಟಿಗೆ ಕನ್ನಡ ಕ್ಯಾಸೆಟ್‌ಗಳಿವೆ: ‘ಜನುಮದ ಜೋಡಿ’, ‘ನಾಗಮಂಡಲ’, ಭಾವಗೀತೆ, ಯಕ್ಷಗಾನ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ?
*— ಓದುಗರು, ಶಿರಸಿ*

ಮೊದಲು ವಿಂಗಡಿಸಿ. ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ಇಂದು ಆ್ಯಪ್‌ಗಳಲ್ಲಿ ಸಿಗುತ್ತವೆ, ಅವಕ್ಕೆ ಶ್ರಮ ಬೇಡ. ಯಕ್ಷಗಾನ, ಹರಿಕಥೆ, ರಂಗಗೀತೆ, ಊರಿನ ಭಜನಾ ಮಂಡಳಿಯವರು ಮಾಡಿಸಿದ್ದು, ಮದುವೆಮನೆಯಲ್ಲಿ ರೆಕಾರ್ಡ್ ಮಾಡಿದ್ದು: ಇವನ್ನು ಮೊದಲು ಎತ್ತಿಕೊಳ್ಳಿ. ಹೋದರೆ ಹೋದವೇ.

ಬೂಷ್ಟು ಹಿಡಿದದ್ದನ್ನು ಹಾಗೇ ಡೆಕ್ಕಿಗೆ ಹಾಕಬೇಡಿ. ಟೇಪ್ ಓದುವ ಹೆಡ್‌ಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ವಾರ ಇಟ್ಟು ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಬೇಡ, ಟೇಪ್ ಸೊಟ್ಟಗಾಗುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಕೂತು, ಆರು ಮೂಲೆಯ ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತುತ್ತಾ, ಹೊರಗೆ ಕಾಣುವ ಟೇಪನ್ನು ನೂಲು ಬಿಡದ ಒಣ ಬಟ್ಟೆಯ ನಡುವೆ ಹಾಯಿಸಿ. ನೀರಾಗಲಿ ಸ್ಪಿರಿಟ್ ಆಗಲಿ ಟೇಪಿಗೆ ತಾಗಿಸಬಾರದು, ಕಂದು ಲೇಪ ಎದ್ದು ಬರಬಹುದು. ಡಬ್ಬಿಗೆ ಐದು ಸ್ಕ್ರೂ ಇದ್ದರೆ ಬಿಚ್ಚಿ, ಎರಡೂ ಚಕ್ರಗಳನ್ನು ಹೊಸ ಸ್ಕ್ರೂ ಡಬ್ಬಿಗೆ ವರ್ಗಾಯಿಸಿ. ಅಂಟಿಸಿದ ಡಬ್ಬಿಯಾದರೆ ಬೆಸುಗೆಯ ಗೆರೆಯುದ್ದಕ್ಕೂ ಬ್ಲೇಡಿನಿಂದ ಸೀಳಬೇಕಾಗುತ್ತದೆ. ಬ್ಲೇಡನ್ನು ಒಳಗೆ ಎರಡು ಮಿಲಿಮೀಟರ್‌ಗಿಂತ ಇಳಿಸಬೇಡಿ. ಟೇಪಿನ ಹಿಂದಿರುವ ಪುಟ್ಟ ಫೆಲ್ಟ್ ತುಣುಕು ಉದುರಿದೆಯೇ ನೋಡಿ. ಅದಿಲ್ಲದಿದ್ದರೆ ಟೇಪ್ ಹೆಡ್‌ಗೆ ಒತ್ತಿ ಕೂರುವುದಿಲ್ಲ, ಹಾಡು ಕಂಬಳಿ ಹೊದ್ದಂತೆ ಮಂಕಾಗಿ ಕೇಳುತ್ತದೆ.

ಡೆಕ್ ಕಡೆಗೆ ಬನ್ನಿ. ಶೇ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಯರ್‌ಬಡ್ ಅದ್ದಿ ಹೆಡ್, ಕ್ಯಾಪ್‌ಸ್ಟನ್ ಒರೆಸಿ, ಬಡ್ ಬೆಳ್ಳಗೆ ಬರುವವರೆಗೆ. ರಬ್ಬರ್ ರೋಲರ್‌ಗೆ ಸೋಪಿನ ನೀರು ಸಾಕು. ಐದು ನಿಮಿಷ ಒಣಗಲು ಬಿಡಿ. ಡಾಲ್ಬಿ ಗುರುತಿಲ್ಲದ ಕ್ಯಾಸೆಟ್ಟಿಗೆ ಡೆಕ್ಕಿನ ಡಾಲ್ಬಿ (ಟೇಪಿನ ‘ಸ್ಸ್’ ಸದ್ದು ತಗ್ಗಿಸುವ ಏರ್ಪಾಡು) ಆಫ್ ಇರಲಿ. ಟೇಪ್ ಬಗೆ ‘ನಾರ್ಮಲ್’ ಅಥವಾ 120 ಎಂದಿರುವ ಕಡೆ ಇಡಿ.

ಮುಂದಿನದು ಎಲ್ಲರೂ ಬಿಡುವ, ಆದರೆ ಅತಿ ಹೆಚ್ಚು ಫಲ ಕೊಡುವ ಹಂತ: ಅಜಿಮತ್. ಹೆಡ್‌ನ ಬದಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಹೆಡ್‌ನ ಓರೆಯನ್ನು ಸರಿಹೊಂದಿಸುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಓರೆ, ನಿಮ್ಮ ಯಂತ್ರದ ಓರೆ ಒಂದೇ ಆಗಿಲ್ಲದಿದ್ದರೆ ತಾಳದ, ಗೆಜ್ಜೆಯ, ಸಕಾರದ ಹರಿತ ಮಾಯವಾಗುತ್ತದೆ. ಸ್ಕ್ರೂವಿನ ಈಗಿನ ಸ್ಥಾನಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಧ್ವನಿಯನ್ನು ಮೊನೊಗೆ ಬದಲಿಸಿ, ಹಾಡು ಓಡುತ್ತಿರುವಾಗಲೇ ಒಂದು ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಅತ್ತಿತ್ತ ತಿರುಗಿಸಿ. ಅತಿ ಹೆಚ್ಚು ಹರಿತ ಕೇಳಿಸಿದಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಬೇರೆಯಾಗಿಯೇ ಮಾಡಬೇಕು. ಮುಗಿದ ಮೇಲೆ ಗುರುತಿಗೆ ತಂದಿಡಿ.

ಡೆಕ್ಕಿನ ಲೈನ್ ಔಟ್‌ನಿಂದ ಯು.ಎಸ್‌.ಬಿ. ಆಡಿಯೊ ಇಂಟರ್‌ಫೇಸ್‌ನ ಲೈನ್ ಇನ್‌ಗೆ ವೈರ್ ಹಾಕಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿದರೆ ಮೊನೊ ಆಗುವುದಷ್ಟೇ ಅಲ್ಲ, ಒಡೆಯುತ್ತದೆ ಕೂಡ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯು.ಎಸ್‌.ಬಿ. ವಾಕ್‌ಮನ್‌ಗಳಿಗೆ ವೇಗ ನೆಟ್ಟಗಿರುವುದಿಲ್ಲ, ದುಡ್ಡು ದಂಡ. 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಅತಿ ಜೋರಿನ ಜಾಗ −6 ಡೆಸಿಬೆಲ್ ಮುಟ್ಟಿದರೆ ಸಾಕು. ಒಂದು ಬದಿಗೆ ಒಂದೇ ಫೈಲ್, ಹಾಡು ಶುರುವಾಗುವ ಮೊದಲಿನ ಹತ್ತು ಸೆಕೆಂಡಿನ ಬರೀ ‘ಸ್ಸ್’ ಸದ್ದೂ ಅದರಲ್ಲಿರಲಿ, ಗದ್ದಲ ತೆಗೆಯುವಾಗ ಮಾದರಿಯಾಗಿ ಅದೇ ಬೇಕು. ಅರ್ಧ ಗಂಟೆಗೆ ಸುಮಾರು 520 ಎಂ.ಬಿ. ಆಗುತ್ತದೆ, ಫ್ಲ್ಯಾಕ್ (ಗುಣ ಕೆಡಿಸದೆ ಫೈಲ್ ಕುಗ್ಗಿಸುವ ಬಗೆ) ಮಾಡಿದರೆ ಕಡಿಮೆಯಾಗುತ್ತದೆ.

ವೇಗ ಸರಿಯಿದೆಯೇ ಎಂದು ನೋಡಲು ಆ್ಯಪ್‌ನಲ್ಲೂ ಇರುವ ಒಂದು ಹಾಡನ್ನು ನಿಮ್ಮ ಡೆಕ್ಕಿನಲ್ಲಿ ಹಾಕಿ. ಅಲ್ಲಿ 5 ನಿಮಿಷದ್ದು ಇಲ್ಲಿ 4 ನಿಮಿಷ 51 ಸೆಕೆಂಡಿಗೆ ಮುಗಿದರೆ ಡೆಕ್ ಶೇ 3ರಷ್ಟು ಜೋರಾಗಿ ಓಡುತ್ತಿದೆ, ಅಂದರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಏರಿದೆ. ಭಾಗವತರ ಶ್ರುತಿ ಕೆಡಿಸುವ ಪಾಪ ಬೇಡ, ಸಾಫ್ಟ್‌ವೇರಿನಲ್ಲಿ ವೇಗ ಇಳಿಸಿ. ಗದ್ದಲ ತೆಗೆಯುವುದನ್ನು 6 ಡೆಸಿಬೆಲ್‌ಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಚಂಡೆ ನೀರೊಳಗೆ ಬಾರಿಸಿದಂತಾಗುತ್ತದೆ. ಮೂಲ ಫೈಲ್ ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.

ಆ ದಶಕದ ಕನ್ನಡ ಸಿನಿಮಾ ಕ್ಯಾಸೆಟ್‌ಗಳಲ್ಲಿ, ಒಂದೆರಡು ಹಾಡಿಗಾಗಿ ಅಲ್ಲದೆ ಇಡೀ ಆಲ್ಬಂ ಆಗಿ ನಿಲ್ಲುವಂಥವು ಯಾವುವು?
*— ಓದುಗರು, ಕ್ಯಾಲಿಫೋರ್ನಿಯಾ*

ನಮ್ಮ ಮೊದಲ ಆಯ್ಕೆ ‘ನಾಗಮಂಡಲ’ (1997). ಗಿರೀಶ ಕಾರ್ನಾಡರ ನಾಟಕ, ನಾಗಾಭರಣರ ಚಿತ್ರ, ಸಿ. ಅಶ್ವಥ್ ಸಂಗೀತ. ಕಥೆ ಗೊತ್ತಿಲ್ಲದೆ ಕೇಳಿದರೂ ಮೊದಲಿಂದ ಕೊನೆಯವರೆಗೆ ಒಂದೇ ಊರಿನ ಮಣ್ಣಿನಲ್ಲಿ ನಡೆದಂತಿರುತ್ತದೆ. ಅದೇ ನಿರ್ದೇಶಕರ ‘ಜನುಮದ ಜೋಡಿ’ (1996) ವಿ. ಮನೋಹರ್ ಅವರದು. ಜನಪದದ ಧಾಟಿಯನ್ನು ಕ್ಯಾಸೆಟ್ ಮಾರುಕಟ್ಟೆಗೆ ತಂದರೂ ಅದನ್ನು ಸಿಹಿ ಮಾಡಿ ಕೆಡಿಸಲಿಲ್ಲ. ‘ನಮ್ಮೂರ ಮಂದಾರ ಹೂವೆ’ (1996) ಇಳಯರಾಜರ ಕೈಚಳಕ, ಹೆಡ್‌ಫೋನಿನಲ್ಲಿ ತಂತಿವಾದ್ಯಗಳ ಒಳದನಿಗಳನ್ನಷ್ಟೇ ಹಿಂಬಾಲಿಸಿ ಒಮ್ಮೆ ಕೇಳಿ. ನೀವಿರುವ ಕಡೆಯವರಿಗೆ ‘ಅಮೆರಿಕಾ ಅಮೆರಿಕಾ’ ಹೇಳಿಕೊಡಬೇಕಿಲ್ಲ, ಅದರ ಸಂಗೀತ ನಿರ್ದೇಶಕ ಮನೋ ಮೂರ್ತಿ ಅಲ್ಲಿಯೇ ನೆಲೆಸಿದ್ದವರು. ಇವೆಲ್ಲಕ್ಕೂ ತದ್ವಿರುದ್ಧ ಗುರುಕಿರಣ್ ಅವರ ಮೊದಲ ಆಲ್ಬಂ ‘ಎ’ (1998). ಒರಟು ಇದೆ, ಅದೇ ಅದರ ಬಲ.

ಕನ್ನಡ ಚಿತ್ರವಲ್ಲದಿದ್ದರೂ ಒಂದು ಸೇರಿಸಬೇಕು: ಎ.ಆರ್. ರೆಹಮಾನ್ ಸಂಗೀತದ ತಮಿಳಿನ ‘ಡ್ಯುಯೆಟ್’ (1994). ಅಲ್ಲಿನ ಸ್ಯಾಕ್ಸೊಫೋನ್ ನಮ್ಮ ಕದ್ರಿ ಗೋಪಾಲನಾಥ್ ಅವರದು.

‘ನೆವರ್‌ಮೈಂಡ್’ ಸಿ.ಡಿ.ಯನ್ನು ಕಂಪ್ಯೂಟರಿಗೆ ತೆಗೆದಾಗ ಕೊನೆಯ ಹಾಡು ಸುಮಾರು 20 ನಿಮಿಷ ತೋರಿಸುತ್ತದೆ. ಫೈಲ್ ಕೆಟ್ಟಿದೆಯೇ?
*— ಓದುಗರು, ದಾವಣಗೆರೆ*

ಕೆಟ್ಟಿಲ್ಲ. 12ನೆಯ ಹಾಡು ಮುಗಿದು ಸುಮಾರು 10 ನಿಮಿಷ ಮೌನ, ಆಮೇಲೆ ಹೊದಿಕೆಯಲ್ಲಿ ಹೆಸರಿಲ್ಲದ ಒಂದು ಅಬ್ಬರದ ಹಾಡು ಅಡಗಿದೆ. ಅಮೆರಿಕದ ಮೊದಮೊದಲ ಪ್ರತಿಗಳಲ್ಲಿ ಅದು ಕೈತಪ್ಪಿ ಬಿಟ್ಟುಹೋಗಿತ್ತು. ಮೌನವನ್ನು ಕತ್ತರಿಸಿ ಎರಡು ಫೈಲ್ ಮಾಡಿಕೊಳ್ಳಬಹುದು, ಆದರೆ ಕತ್ತರಿಸದ ಪ್ರತಿಯೂ ಒಂದಿರಲಿ.

ಸಿ.ಡಿ. ತೆಗೆಯಲು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಸಾಫ್ಟ್‌ವೇರಿನಲ್ಲಿ ಸೆಕ್ಯೂರ್ ಮೋಡ್ ಇಟ್ಟು, ಅಕ್ಯುರೇಟ್‌ರಿಪ್ (ಬೇರೆಯವರು ತೆಗೆದ ಪ್ರತಿಗಳ ದಾಖಲೆ) ಜೊತೆ ಹೊಂದುತ್ತದೆಯೇ ನೋಡಿ. ಹೊಂದಿದರೆ ನಿಮ್ಮ ಫೈಲ್ ಬೇರೆಯವರು ತೆಗೆದದ್ದಕ್ಕೆ ಅಕ್ಷರಶಃ ಸಮ. ಗೀರಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ. ಗಿರಗಿರ ಸುತ್ತಿಸಿ ಒರೆಸಿದರೆ ಹೊಸ ಗೀರು ದತ್ತಾಂಶದ ಸಾಲಿನ ಉದ್ದಕ್ಕೇ ಬಿದ್ದು, ಪ್ಲೇಯರ್‌ಗೆ ಸರಿಪಡಿಸಲಾಗದಂತಾಗುತ್ತದೆ. ಹೊಳೆಯುವ ಬದಿಗಿಂತ ಚಿತ್ರವಿರುವ ಬದಿಯ ಗೀರು ಅಪಾಯದ್ದು, ಲೋಹದ ಪದರ ಅಲ್ಲೇ ಚಿತ್ರದ ಕೆಳಗಿದೆ. ದೀಪಕ್ಕೆ ಹಿಡಿದಾಗ ಸೂಜಿತೂತುಗಳು ಕಂಡರೆ ತಡಮಾಡದೆ ಪ್ರತಿ ತೆಗೆದುಕೊಳ್ಳಿ. 1988–93ರ ನಡುವೆ ಬ್ರಿಟನ್ನಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಕೆಲವು ಸಿ.ಡಿ.ಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗುತ್ತವೆ, ಅವನ್ನು ಉಳಿಸುವ ಮದ್ದಿಲ್ಲ.

1991ರ ಕಪ್ಪು ಹೊದಿಕೆಯ ಆಲ್ಬಂನಿಂದಲೇ ಮೆಟಾಲಿಕಾ ಕೆಟ್ಟಿತು. ಒಪ್ಪುತ್ತೀರಾ?
*— ಓದುಗರು, ಬೆಳಗಾವಿ*

ಇಲ್ಲ. ಹಿಂದಿನ, 1988ರ ಆಲ್ಬಂನಲ್ಲಿ ಬೇಸ್ ಗಿಟಾರ್ ಹುಡುಕಿದರೂ ಸಿಗುವುದಿಲ್ಲ. ಇಲ್ಲಿ ನಿರ್ಮಾಪಕ ಬಾಬ್ ರಾಕ್ ಅದನ್ನು ಮುಂದೆ ತಂದು ನಿಲ್ಲಿಸಿದ. ಕೊನೆಯ ಮೂರು ಹಾಡು ಇಲ್ಲದಿದ್ದರೂ ನಡೆಯುತ್ತಿತ್ತು, ಅಷ್ಟು ಒಪ್ಪುತ್ತೇವೆ. ಗಿಟಾರ್ ಹಿಡಿದು ಜೊತೆಗೆ ನುಡಿಸುವವರು ಗಮನಿಸಿ: ‘ಸ್ಯಾಡ್ ಬಟ್ ಟ್ರೂ’ಗೆ ಆರೂ ತಂತಿಗಳನ್ನು ಒಂದು ಪೂರ್ಣ ಸ್ವರ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಏನು ಮಾಡಿದರೂ ಕೂಡುವುದಿಲ್ಲ.

ಈಗ ಎಲ್.ಪಿ. ಕೊಳ್ಳಲು ಶುರು ಮಾಡಿದ್ದೇನೆ. ತೊಂಬತ್ತರ ಆಲ್ಬಂಗಳು ಎಲ್.ಪಿ.ಯಲ್ಲಿ ಕೊಳ್ಳಲು ಯೋಗ್ಯವೇ?
*— ಓದುಗರು, ಮಂಗಳೂರು*

ಕೊಳ್ಳುವ ಮುನ್ನ ನಿಮಿಷ ಎಣಿಸಿ. ಎಲ್.ಪಿ.ಯ ಒಂದು ಬದಿಗೆ 18ರಿಂದ 22 ನಿಮಿಷ ಹಿತ. ಅದಕ್ಕಿಂತ ತುರುಕಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಮಟ್ಟ ಇಳಿಸಬೇಕು, ಬೇಸ್ ಸಣ್ಣದಾಗಿ ಸರಸರ ಸದ್ದು ಮೇಲೆ ಬರುತ್ತದೆ. ಸಿ.ಡಿ.ಯಲ್ಲಿ 74ರಿಂದ 80 ನಿಮಿಷದವರೆಗೆ ಜಾಗ ಸಿಕ್ಕಿದ ಮೇಲೆ ತೊಂಬತ್ತರಲ್ಲಿ ಬಹಳ ಮಂದಿ ಅದನ್ನು ತುಂಬಿಸಿಯೇ ತೀರಿದರು. ನಾಸ್‌ನ ‘ಇಲ್‌ಮ್ಯಾಟಿಕ್’ (1994) 40 ನಿಮಿಷದ ಒಳಗಿದೆ, ಒಂದೇ ತಟ್ಟೆಗೆ ಹೇಳಿ ಮಾಡಿಸಿದ್ದು. ಆ ಸಂಯಮವೇ ಅದನ್ನು ದಶಕದ ಅತ್ಯುತ್ತಮ ಹಿಪ್‌ಹಾಪ್ ಆಲ್ಬಂ ಮಾಡಿದೆ ಎನ್ನುವುದು ನಮ್ಮ ಅಭಿಪ್ರಾಯ. ರೇಡಿಯೊಹೆಡ್‌ನ ‘ಓಕೆ ಕಂಪ್ಯೂಟರ್’ (1997) 53 ನಿಮಿಷ, ಎರಡು ತಟ್ಟೆ ಬೇಕು. ಲಾರಿನ್ ಹಿಲ್ ಅವರ 1998ರ ಆಲ್ಬಂ 77 ನಿಮಿಷ, ಅದನ್ನು ಒಂದೇ ತಟ್ಟೆಯಲ್ಲಿ ಮಾರುತ್ತಿದ್ದರೆ ಮುಟ್ಟಬೇಡಿ.

ಆ ಕಾಲದಲ್ಲಿ ಎಲ್.ಪಿ.ಗಳನ್ನು ಕಡಿಮೆ ಸಂಖ್ಯೆಯಲ್ಲಿ ಒತ್ತಿದ್ದರಿಂದ ಮೂಲ ಪ್ರತಿಗಳಿಗೆ ಬೆಲೆ ಹೆಚ್ಚು, ನಕಲಿಗಳೂ ಬಹಳ. ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪು ಪಟ್ಟಿಯಲ್ಲಿ ಕೆತ್ತಿದ ಅಕ್ಷರ, ಅಂಕಿಗಳನ್ನು ಮಾರುವವರಿಂದ ಫೋಟೊ ತರಿಸಿ, ಆ ಆಲ್ಬಂನ ಅಸಲಿ ಪ್ರತಿಯ ಕೆತ್ತನೆಯೊಂದಿಗೆ ಹೋಲಿಸಿ. ಹೊದಿಕೆಯ ಸಣ್ಣ ಅಕ್ಷರ ಮಸುಕಾಗಿದ್ದರೆ ಅದು ಮುದ್ರಿತ ಹೊದಿಕೆಯನ್ನೇ ಸ್ಕ್ಯಾನ್ ಮಾಡಿ ಒತ್ತಿದ ನಕಲಿ. ಬಾರ್‌ಕೋಡ್ ಮೊಬೈಲಿನಲ್ಲಿ ಓದದಿದ್ದರೂ ಹಾಗೆಯೇ ಅನುಮಾನಿಸಿ.